ಜನಗಣತಿಯಲ್ಲಿ ಬಿಟ್ಟುಹೋದವರು: ಪದೇ ಪದೇ ಕೇಳೋ ಪ್ರಶ್ನೆಗಳು

ಮನೆಮನೆಗೂ ಹೋಗಿ ಎಣಿಸ್ತಾರಲ್ಲ, ಮತ್ತೆ ಜನ ಬಿಟ್ಟುಹೋಗೋದು ಹೇಗೆ?

ಎಲ್ಲರನ್ನೂ ಎಣಿಸ್ಬೇಕು ಅನ್ನೋದು ನಿಯಮ, ಎಲ್ಲರೂ ಸಿಗ್ತಾರೆ ಅನ್ನೋದು ಬೇರೆ ಮಾತು. ಭಾರತದ 2011ರ ಗಣತಿಯಲ್ಲಿ ಸಾವಿರಕ್ಕೆ 23 ಜನ ತಪ್ಪಿಹೋಗಿದ್ರು ಅಂತ ಗಣತಿ ಇಲಾಖೆಯೇ ಆಮೇಲೆ ಮಾಡಿದ ಸರ್ವೆಯಲ್ಲಿ ಹೇಳಿದೆ, 2001ರಲ್ಲಿ ಅದು 23.3 ಇತ್ತು, 1991ರಲ್ಲಿ 17.6. ಸಾವಿರಕ್ಕೆ 23 ಅಂದ್ರೆ ಏನ್ ಮಹಾ ಅನ್ಸುತ್ತೆ, ಆದ್ರೆ 121 ಕೋಟಿ ಮೇಲೆ ಹಾಕಿ ನೋಡಿ, ಎರಡೂಮುಕ್ಕಾಲು ಕೋಟಿ ಹತ್ತಿರ ಬರುತ್ತೆ. ಆಗಿನ ಇಡೀ ಆಸ್ಟ್ರೇಲಿಯಾದಲ್ಲೇ ಅಷ್ಟು ಜನ ಇರ್ಲಿಲ್ಲ.

ತಪ್ಪೋದು ಎರಡು ಥರ. ಒಂದು, ಇಡೀ ಮನೆನೇ ಪಟ್ಟಿಗೆ ಬಂದಿರಲ್ಲ, ಅಂದ್ರೆ ಅಂಗಡಿ ಹಿಂದಿನ ರೂಮು, ಟೆರೇಸ್ ಮೇಲಿನ ಶೀಟ್ ಮನೆ, ಕಟ್ತಾ ಇರೋ ಬಿಲ್ಡಿಂಗಲ್ಲಿ ಉಳ್ಕೊಂಡಿರೋ ಕುಟುಂಬ. ಎರಡು, ಮನೆ ಪಟ್ಟಿಲಿದೆ, ಗಣತಿದಾರರು ಹೋಗಿದಾರೆ, ಫಾರಂ ತುಂಬಿದೆ, ಆದ್ರೂ ಆ ಮನೆಯ ಒಬ್ರೋ ಇಬ್ರೋ ಅದ್ರಲ್ಲಿ ಇಲ್ಲ. ಈ ಎರಡನೇದನ್ನ ಹಿಡಿಯೋದು ಜಾಸ್ತಿ ಕಷ್ಟ, ಯಾಕಂದ್ರೆ ನೋಡೋಕೆ ಎಲ್ಲಾ ಸರಿಯಾಗೇ ಇರುತ್ತೆ.

ಒಟ್ಟು ತಪ್ಪು ಸೊನ್ನೆ ಹತ್ತಿರ ಇದ್ರೆ ಗಣತಿ ಚೆನ್ನಾಗಾಗಿದೆ ಅಂತ ತಾನೇ ಅರ್ಥ?

ಅಲ್ಲ. ಜನ ಎಡವೋದೇ ಇಲ್ಲಿ. ಸುದ್ದಿಯಲ್ಲಿ ಬರೋ ಪರ್ಸೆಂಟ್ ಹೆಚ್ಚಾಗಿ ನಿವ್ವಳ ಲೆಕ್ಕ, ಅಂದ್ರೆ ಬಿಟ್ಟುಹೋದವರಿಂದ ಎರಡೆರಡು ಸಲ ಎಣಿಸಿದವರನ್ನ, ತಪ್ಪಾಗಿ ಸೇರಿಸಿದವರನ್ನ ಕಳೆದ ಮೇಲೆ ಉಳಿದಿದ್ದು. ಒಂದು ಕಡೆ ನೂರು ಜನ ಬಿಟ್ಟುಹೋಗಿ ಇನ್ನೊಂದು ಕಡೆ ನೂರು ಜನ ಡಬಲ್ ಆದ್ರೆ ನಿವ್ವಳ ಸೊನ್ನೆ, ಕಾಗದದ ಮೇಲೆ ಭೇಷ್, ಆದ್ರೆ ಬಿಟ್ಟುಹೋದ ನೂರು ಜನರ ಪಾಲು ಡಬಲ್ ಆದವರಿಗೆ ಹೋಯ್ತು.

ಅಮೆರಿಕಾದ 2020ರ ಗಣತಿ ನೋಡಿ. ದೇಶದ ಮಟ್ಟದಲ್ಲಿ ನಿವ್ವಳ ಕೊರತೆ 0.24%, ಅಂಕಿಅಂಶದವರ ಭಾಷೇಲಿ ಸೊನ್ನೆಗೂ ಅದಕ್ಕೂ ವ್ಯತ್ಯಾಸ ಹೇಳೋಕಾಗಲ್ಲ. ಒಳಗೆ ಬಿಚ್ಚಿ ನೋಡಿದ್ರೆ ಕಪ್ಪು ಜನ 3.30% ಕಡಿಮೆ, ಹಿಸ್ಪಾನಿಕ್ ಜನ (ಸ್ಪ್ಯಾನಿಷ್ ಮಾತಾಡೋ ದೇಶಗಳ ಮೂಲದವರು) 4.99% ಕಡಿಮೆ, ರಿಸರ್ವೇಶನ್‌ಗಳಲ್ಲಿ (ಅವರಿಗಂತಲೇ ಬಿಟ್ಟ ಪ್ರದೇಶಗಳಲ್ಲಿ) ಇರೋ ಮೂಲನಿವಾಸಿಗಳು 5.64% ಕಡಿಮೆ, ಅದೇ ಹೊತ್ತಿಗೆ ಹಿಸ್ಪಾನಿಕ್ ಅಲ್ಲದ ಬಿಳಿಯರು 1.64% ಜಾಸ್ತಿ, ಏಷ್ಯನ್ನರು 2.62% ಜಾಸ್ತಿ. ಸರಿಯಾಗಿ ಎಣಿಕೆಗೆ ಸಿಗದವರು 1.88 ಕೋಟಿ ಅಂತ ಅಂದಾಜು (ಮಾಹಿತಿ ಇಲ್ಲದೆ ಊಹೆ ಮೇಲೆ ತುಂಬಿಸಿದವರೂ ಇದ್ರಲ್ಲಿ ಸೇರಿದಾರೆ). ಹಾಗಾಗಿ ಯಾರಾದ್ರೂ ನಿವ್ವಳ ಸಂಖ್ಯೆ ತೋರಿಸಿ ಬೆನ್ನು ತಟ್ಕೊಂಡ್ರೆ, ಗುಂಪಿನ ಪ್ರಕಾರ ಒಡೆದು ತೋರಿಸಿ ಅಂತ ಕೇಳಿ, ಅಷ್ಟು ಸಾಕು.

ಯಾರು ಹೆಚ್ಚಾಗಿ ತಪ್ಪಿಹೋಗ್ತಾರೆ?

ಮೊದಲ ಹೆಸರು ಕೇಳಿದ್ರೆ ನಗು ಬರುತ್ತೆ, ಪುಟ್ಟ ಮಕ್ಕಳು. ಬಾಗಿಲಲ್ಲಿ ನಿಂತು ಮನೇಲಿ ಎಷ್ಟು ಜನ ಇದೀರಿ ಅಂತ ಕೇಳಿದ್ರೆ ನಾಲ್ಕು ಜನ ಅಂತಾರೆ, ಹೆಸರು ಬರೆದು ಮುಗಿಸೋ ಹೊತ್ತಿಗೆ ಒಳಗಡೆಯಿಂದ ಮಗು ಅಳೋ ಸದ್ದು ಕೇಳುತ್ತೆ. ಯಾರದು ಅಂದ್ರೆ "ಅಯ್ಯೋ ಅದನ್ನೂ ಬರೀಬೇಕಾ, ಇನ್ನೂ ಎರಡು ತಿಂಗಳಷ್ಟೇ" ಅಂತಾರೆ. ಗಣತಿ ಡ್ಯೂಟಿ ಮಾಡಿದ ಯಾರನ್ನ ಬೇಕಾದ್ರೂ ಕೇಳಿ, ಇಂಥದ್ದು ಒಂದಾದ್ರೂ ಹೇಳ್ತಾರೆ. ಆವತ್ತು ಆ ಮಗು ಅತ್ತಿದ್ದಕ್ಕೆ ಲೆಕ್ಕಕ್ಕೆ ಬಂತು, ಮಲಗಿದ್ದಿದ್ರೆ ಇಲ್ಲ. ಅಮೆರಿಕಾದಲ್ಲಿ 2020ರಲ್ಲಿ 0-4 ವರ್ಷದವರ ಕೊರತೆ 2.79%, ಅಷ್ಟು ದುಡ್ಡು ಖರ್ಚು ಮಾಡಿ ನಡೆಸೋ ದೇಶದಲ್ಲೇ ಹೀಗೆ. ಇದು ಯಾರೂ ಬಚ್ಚಿಟ್ಟಿದ್ದಲ್ಲ, ಎಷ್ಟು ಜನ ಅಂದ ಕೂಡ್ಲೇ ನಮ್ಮ ತಲೆಗೆ ಬರೋದು ದೊಡ್ಡವರು ಮಾತ್ರ.

ಎರಡನೇದು 20ರಿಂದ 30ರ ಆಸುಪಾಸಿನ ಗಂಡಸರು. ಕೆಲಸ ಹುಡುಕ್ಕೊಂಡು ಊರೂರು ಸುತ್ತೋರು, ನಾಲ್ಕು ಜನ ಸೇರಿ ಒಂದು ರೂಮಲ್ಲಿರೋರು, ಬೆಳಿಗ್ಗೆ ಆರಕ್ಕೆ ಹೋಗಿ ರಾತ್ರಿ ಹನ್ನೊಂದಕ್ಕೆ ಬರೋರು. ಇವರ ವಿಷಯದಲ್ಲಿ ಒಂದು ಮಜಾ ಇದೆ: ಹುಟ್ಟಿದ ಮನೇಲಿ ಕೇಳಿದ್ರೆ "ಅವನು ಈಗ ಇಲ್ಲಿಲ್ಲ, ಕೆಲಸದ ಊರಲ್ಲಿದಾನೆ" ಅಂತಾರೆ, ಕೆಲಸದ ಊರಲ್ಲಿ ಕೇಳಿದ್ರೆ "ನಾನು ಇಲ್ಲಿಯವನಲ್ಲ, ಮನೆ ಕಡೆ ಬರ್ಕೊಂಡಿರ್ತಾರೆ ಬಿಡಿ" ಅಂತಾನೆ. ಇಬ್ಬರೂ ಸುಳ್ಳು ಹೇಳ್ತಿಲ್ಲ, ಆದ್ರೆ ಮನುಷ್ಯ ಎರಡೂ ಕಡೆ ಮಾಯ.

ಇನ್ನು ಬಾಡಿಗೆ ಮನೆಯವರು, ಮನೆಕೆಲಸಕ್ಕೆ ಅಲ್ಲೇ ಉಳ್ಕೊಂಡಿರೋರು (ಮನೆ ಯಜಮಾನರು ಇವರನ್ನ ನಮ್ಮವರು ಅಂತ ಲೆಕ್ಕಕ್ಕೆ ಹಿಡಿಯಲ್ಲ), ಅಲೆಮಾರಿಗಳು, ಸೂರಿಲ್ಲದವರು, ದಾಖಲೆ ಇಲ್ಲದ ವಲಸಿಗರು, ಗಣತಿದಾರರ ಭಾಷೆ ಬರದವರು. ಯಾರಿಗೆ ಸರ್ಕಾರದ ಲೆಕ್ಕದಲ್ಲಿ ಇರೋದು ಜಾಸ್ತಿ ಮುಖ್ಯವೋ ಅವರೇ ಬಿಟ್ಟುಹೋಗ್ತಾರೆ. ಉಳ್ಳವರು ಡಬಲ್ ಆಗೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ಎರಡು ಮನೆ ಇರುತ್ತಲ್ಲ, ಹಾಸ್ಟೆಲಲ್ಲಿರೋ ಮಗನ ಹೆಸರು ಹಾಸ್ಟೆಲಲ್ಲೂ ಬರುತ್ತೆ ಮನೇಲೂ ಬರುತ್ತೆ.

ಬೇಕು ಅಂತಲೇ ತಪ್ಪಿಸಿಕೊಳ್ಳೋರು ಇಲ್ವಾ?

ಇದಾರೆ. ಬ್ರಿಟನ್ನಿನಲ್ಲಿ 1991ರ ಗಣತಿ ಹೊತ್ತಿಗೆ ಪೋಲ್ ಟ್ಯಾಕ್ಸ್ ಅಂತ ತಲೆಗಿಷ್ಟು ತೆರಿಗೆ ಇತ್ತು, ಗಣತಿಗೆ ಹೆಸರು ಕೊಟ್ರೆ ತೆರಿಗೆಯವರು ಹುಡುಕ್ಕೊಂಡು ಬರ್ತಾರೆ ಅಂತ ಜನ ಹೆದರಿದ್ದೂ ಒಂದು ಕಾರಣವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಲೆಕ್ಕಕ್ಕೆ ಸಿಗ್ಲಿಲ್ಲ. ಗಣತಿ ಮಾಹಿತಿ ಗುಟ್ಟಾಗಿ ಇಡ್ಬೇಕು ಅಂತ ಹೆಚ್ಚುಕಡಿಮೆ ಎಲ್ಲಾ ದೇಶದಲ್ಲೂ ಕಾನೂನಿದೆ. ಭಾರತದ 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ನಿಮ್ಮ ಫಾರಂ ಯಾರೂ ನೋಡಂಗಿಲ್ಲ, ಕೋರ್ಟಲ್ಲಿ ಸಾಕ್ಷಿಯಾಗೂ ಬಳಸೋ ಹಾಗಿಲ್ಲ.

ಹಾಗಂತ ಹೆದರೋರನ್ನ ದಡ್ಡರು ಅನ್ಬೇಡಿ. ಅಮೆರಿಕಾದಲ್ಲಿ ಎರಡನೇ ಮಹಾಯುದ್ಧದ ಸಮಯದಲ್ಲಿ ಜಪಾನಿ ಮೂಲದವರನ್ನ ಶಿಬಿರಗಳಿಗೆ ಸಾಗಿಸೋಕೆ, ಅವರು ಯಾವ ಏರಿಯಾದಲ್ಲಿ ಎಷ್ಟಿದಾರೆ ಅಂತ ತಿಳ್ಕೊಳ್ಳೋಕೆ 1940ರ ಗಣತಿಯ ಅಂಕಿಅಂಶಾನೇ ಬಳಸಿದ್ರು. ಪಶ್ಚಿಮ ಜರ್ಮನಿಯಲ್ಲಿ 1983ರ ಗಣತಿಯನ್ನ ಸಂವಿಧಾನ ಕೋರ್ಟೇ ತಡೆದು, ಜನರ ಮಾಹಿತಿ ಮೇಲೆ ಜನರಿಗೆ ಹಕ್ಕಿದೆ ಅಂತ ತೀರ್ಪು ಕೊಟ್ಟ ಮೇಲೆ ನಿಯಮ ಬದಲಿಸಿ 1987ರಲ್ಲಿ ಮಾಡ್ಬೇಕಾಯ್ತು. ನಂಬಿಕೆ ಹೋದ್ರೆ ಜನ ಬಾಗಿಲು ತೆಗೆಯಲ್ಲ, ಅದಕ್ಕೆ ಜಾಹೀರಾತು ಕೊಟ್ರೆ ಪ್ರಯೋಜನ ಇಲ್ಲ.

ಬಿಟ್ಟುಹೋದವರು ಎಷ್ಟು ಅಂತ ಗೊತ್ತಾಗೋದು ಹೇಗೆ? ಗೊತ್ತಿದ್ರೆ ಆಗ್ಲೇ ಎಣಿಸ್ಬಹುದಿತ್ತಲ್ಲ?

ಒಳ್ಳೇ ಪ್ರಶ್ನೆ, ಉತ್ತರ ಕೆರೆ ಮೀನಿನ ಲೆಕ್ಕದಲ್ಲಿದೆ. ಕೆರೇಲಿ ಎಷ್ಟು ಮೀನಿದೆ ಅಂತ ತಿಳ್ಕೊಳ್ಬೇಕು ಅಂದ್ರೆ ಒಂದಷ್ಟು ಹಿಡಿದು ಗುರುತು ಹಾಕಿ ಬಿಡ್ತಾರೆ, ಆಮೇಲೆ ಇನ್ನೊಂದ್ ಸಲ ಬಲೆ ಹಾಕಿ, ಸಿಕ್ಕಿದ್ರಲ್ಲಿ ಎಷ್ಟಕ್ಕೆ ಗುರುತಿದೆ ಅಂತ ನೋಡ್ತಾರೆ. ಗಣತಿ ಮೊದಲನೇ ಬಲೆ. ಅದು ಮುಗಿದು ಸ್ವಲ್ಪ ತಿಂಗಳಿಗೆ ಕೆಲವೇ ಬ್ಲಾಕ್ (ಒಬ್ಬ ಗಣತಿದಾರರಿಗೆ ವಹಿಸೋ ಸಣ್ಣ ಪ್ರದೇಶ) ಆರಿಸಿ, ಬೇರೆ ಸಿಬ್ಬಂದಿ ಇಟ್ಟು, ಹಳೇ ಪಟ್ಟಿ ಕೈಗೆ ಕೊಡದೆ ಹೊಸದಾಗಿ ಎಣಿಸ್ತಾರೆ, ಅದು ಎರಡನೇ ಬಲೆ. ಇದಕ್ಕೆ ಗಣತಿ ನಂತರದ ಸರ್ವೆ ಅಂತಾರೆ.

ಒಂದು ಬ್ಲಾಕ್ ತಗೊಳ್ಳಿ. ಗಣತಿಯಲ್ಲಿ 900 ಜನ ಸಿಕ್ರು. ಸರ್ವೆಯಲ್ಲಿ 800 ಜನ ಸಿಕ್ರು. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ಹೆಸರು, ವಯಸ್ಸು, ವಿಳಾಸ ತಾಳೆ ಹಾಕಿದ್ರೆ 720 ಜನ ಎರಡರಲ್ಲೂ ಇದಾರೆ. ಅಂದ್ರೆ ಸರ್ವೆಗೆ ಸಿಕ್ಕ 800ರಲ್ಲಿ 720, ಶೇಕಡ 90 ಜನರನ್ನ ಗಣತಿ ಮೊದಲೇ ಹಿಡಿದಿತ್ತು. ಗಣತಿ ಶೇಕಡ 90 ಹಿಡಿಯುತ್ತೆ ಅಂದ್ರೆ ಅದು ಹಿಡಿದ 900 ನಿಜವಾದ ಜನಸಂಖ್ಯೆಯ ಶೇಕಡ 90, ಹಾಗಾಗಿ ನಿಜವಾದ ಸಂಖ್ಯೆ 1000. ಈಗ ಮಜಾ ನೋಡಿ, ಎರಡೂ ಪಟ್ಟಿ ಸೇರಿಸಿದ್ರೆ 980 ಜನ ಮಾತ್ರ ಆಗ್ತಾರೆ. ಉಳಿದ 20 ಜನ ಯಾರ ಕಣ್ಣಿಗೂ ಬಿದ್ದಿಲ್ಲ, ಆದ್ರೂ ಲೆಕ್ಕಕ್ಕೆ ಬಂದ್ರು.

ಜನರ ಲೆಕ್ಕಕ್ಕೆ ಈ ದಾರಿ ಹಾಕಿಕೊಟ್ಟವರಲ್ಲಿ ಒಬ್ಬರು ಭಾರತದ ಸಿ. ಚಂದ್ರಶೇಖರನ್, ಅವರು ಮತ್ತೆ ಅಮೆರಿಕಾದ ಅಂಕಿಅಂಶ ತಜ್ಞ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ ಸೇರಿ 1949ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕಲ್ಕತ್ತಾ ಹತ್ತಿರದ ಸಿಂಗೂರಿನ ಜನನ ಮರಣ ದಾಖಲೆ ಮೇಲೆ ಇದೇ ಲೆಕ್ಕ ಮಾಡಿ ತೋರಿಸಿದ್ರು. ಇವತ್ತು ಎಷ್ಟೋ ದೇಶಗಳ ಗಣತಿ ಸರ್ವೆ ನಿಂತಿರೋದು ಇದೇ ಲೆಕ್ಕದ ಮೇಲೆ, ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಈ ಸರ್ವೇನೂ ತಪ್ಪಾಗ್ಬಹುದಲ್ವಾ?

ಖಂಡಿತ ಆಗ್ಬಹುದು. ಮೊದಲನೇದು ತಾಳೆ ಹಾಕೋ ಕೆಲಸ. ಒಂದೇ ಮನುಷ್ಯನ ಹೆಸರು ಒಂದ್ ಕಡೆ ಪೂರ್ತಿ, ಇನ್ನೊಂದ್ ಕಡೆ ಬರೀ ಇನಿಷಿಯಲ್ ಜೊತೆ, ವಯಸ್ಸು ಒಂದ್ ಕಡೆ 38 ಇನ್ನೊಂದ್ ಕಡೆ 40. ಕ್ಲರ್ಕ್ ಇವರಿಬ್ಬರೂ ಬೇರೆ ಬೇರೆ ಅಂತ ಬಿಟ್ರೆ 720 ಇರೋದು 700 ಆಗುತ್ತೆ, ಅಂದಾಜು 1000 ಇರೋದು 1029ಕ್ಕೆ ಹೋಗುತ್ತೆ. ಇಪ್ಪತ್ತು ಹೆಸರಿನ ಎಡವಟ್ಟಿಗೆ 29 ಜನ ಗಾಳಿಯಲ್ಲಿ ಹುಟ್ಕೊಂಡ್ರು!

ಎರಡನೇದು ಇದಕ್ಕಿಂತ ಗಟ್ಟಿ ಸಮಸ್ಯೆ. ಗಣತಿಗೆ ಬಾಗಿಲು ತೆಗೆಯದವನು ಸರ್ವೆಗೂ ತೆಗೆಯಲ್ಲ. ಎರಡೂ ಬಲೆಯಿಂದ ತಪ್ಪಿಸಿಕೊಳ್ಳೋ ಮೀನು ಒಂದೇ ಆದ್ರೆ ಲೆಕ್ಕ ಕಡಿಮೆ ಬರುತ್ತೆ, ಬಿಟ್ಟುಹೋದವರ ಅಂದಾಜಲ್ಲೂ ಅವರು ಬಿಟ್ಟುಹೋಗ್ತಾರೆ.

ಅದಕ್ಕೆ ಇನ್ನೊಂದು ದಾರಿ ಜನನ ಮರಣ ರಿಜಿಸ್ಟರ್. ಹುಟ್ಟಿದವರು ಇಷ್ಟು, ಸತ್ತವರು ಇಷ್ಟು, ಬಂದು ಹೋದವರು ಇಷ್ಟು ಅಂತ ಕೂಡಿ ಕಳೆದ್ರೆ ಎಷ್ಟಿರ್ಬೇಕಿತ್ತು ಅನ್ನೋದು ಬರುತ್ತೆ, ಗಣತಿ ಜೊತೆ ಹೋಲಿಸ್ಬಹುದು. ರಿಜಿಸ್ಟರ್ ಸರಿಯಿಲ್ಲದ ದೇಶದಲ್ಲಿ ಇದು ಕೈಕೊಡುತ್ತೆ ಅನ್ನೋದು ಬೇರೆ ವಿಷಯ. ಈ ಥರ ಹೋಲಿಕೆ ಅಮೆರಿಕಾದಲ್ಲಿ ಶುರುವಾಗಿದ್ದು ಒಂದು ಆಕಸ್ಮಿಕದಿಂದ. 1940ರ ಏಪ್ರಿಲಲ್ಲಿ ಗಣತಿ ಆಯ್ತು, ಅಕ್ಟೋಬರಲ್ಲಿ ಸೇನೆಗೆ ಸೇರಿಸೋಕೆ 21ರಿಂದ 35 ವಯಸ್ಸಿನ ಗಂಡಸರೆಲ್ಲಾ ಹೆಸರು ನೋಂದಾಯಿಸ್ಬೇಕಾಯ್ತು. ಗಣತಿ ಪ್ರಕಾರ ಎಷ್ಟು ಜನ ಬರ್ಬೇಕಿತ್ತೋ ಅದಕ್ಕಿಂತ ಸುಮಾರು 3% ಜಾಸ್ತಿ ಬಂದ್ರು, ಕಪ್ಪು ಗಂಡಸರಂತೂ 13% ಜಾಸ್ತಿ. ಲೆಕ್ಕದಲ್ಲಿ ಇಲ್ಲದವರು ಸೈನ್ಯದ ಕ್ಯೂನಲ್ಲಿ ನಿಂತಿದ್ರು.

ಎಷ್ಟು ತಪ್ಪಿದೆ ಅಂತ ಗೊತ್ತಾದ ಮೇಲೆ ಸಂಖ್ಯೆ ಸರಿಪಡಿಸ್ತಾರಾ?

ದೇಶಕ್ಕೊಂದು ಪದ್ಧತಿ. ದಕ್ಷಿಣ ಆಫ್ರಿಕಾ ಸರಿಪಡಿಸಿದ ಸಂಖ್ಯೆಯನ್ನೇ ಅಧಿಕೃತ ಅಂತ ಕೊಡುತ್ತೆ. ಬ್ರಿಟನ್ 2001ರಿಂದ ಒಂದೇ ಸಂಖ್ಯೆ ಅನ್ನೋ ಪದ್ಧತಿ ತಂದು, ಸರ್ವೆ ಅಂದಾಜನ್ನ ಸೇರಿಸಿಯೇ ಗಣತಿ ಪ್ರಕಟಿಸುತ್ತೆ. ಆಸ್ಟ್ರೇಲಿಯಾದಲ್ಲಿ ಗಣತಿ ಸಂಖ್ಯೆ ಹಾಗೇ ಇರುತ್ತೆ, ಆದ್ರೆ ಸೀಟು, ಅನುದಾನಕ್ಕೆಲ್ಲಾ ಬಳಸೋ ಜನಸಂಖ್ಯೆ ಅಂದಾಜಲ್ಲಿ ಬಿಟ್ಟುಹೋದವರನ್ನ ಸೇರಿಸ್ತಾರೆ, ಅಲ್ಲಿ 2021ರ ನಿವ್ವಳ ಕೊರತೆ 0.7% ಅಷ್ಟೇ. ಭಾರತದಲ್ಲಿ ಎಷ್ಟು ತಪ್ಪಿದೆ ಅಂತ ವರದಿ ಬರುತ್ತೆ, ಗಣತಿ ಸಂಖ್ಯೆ ಮುಟ್ಟಲ್ಲ.

ಅಮೆರಿಕಾದಲ್ಲಿ ಇದು ದೊಡ್ಡ ಜಗಳ. 1990ರ ಗಣತಿಯಲ್ಲಿ ಸುಮಾರು 40 ಲಕ್ಷ ಜನ ಕಡಿಮೆ ಅಂತ ಗೊತ್ತಾದ ಮೇಲೂ ಆಗಿನ ವಾಣಿಜ್ಯ ಮಂತ್ರಿ ರಾಬರ್ಟ್ ಮಾಸ್‌ಬಾಕರ್ ಸಂಖ್ಯೆ ತಿದ್ದೋದಿಲ್ಲ ಅಂದ್ರು, ನ್ಯೂಯಾರ್ಕ್ ನಗರ ಕೋರ್ಟಿಗೆ ಹೋಯ್ತು, 1996ರಲ್ಲಿ ಸುಪ್ರೀಂ ಕೋರ್ಟು ಮಂತ್ರಿ ನಿರ್ಧಾರನೇ ಸರಿ ಅಂತು. 1999ರಲ್ಲಿ ಇನ್ನೊಂದು ಕೇಸಲ್ಲಿ, ರಾಜ್ಯಗಳಿಗೆ ಸೀಟು ಹಂಚೋಕೆ ಸ್ಯಾಂಪಲ್ ಲೆಕ್ಕ ಬಳಸಂಗಿಲ್ಲ ಅಂತ ಕಾನೂನೇ ಹೇಳುತ್ತೆ ಅಂತ ತೀರ್ಪು ಬಂತು. ನನ್ನ ಅಭಿಪ್ರಾಯ ಕೇಳಿದ್ರೆ, ತಿದ್ದೋ ಲೆಕ್ಕ ಇಲ್ಲಿ ಕಷ್ಟದ್ದಲ್ಲ, ತಿದ್ದಿದ್ರೆ ಯಾರಿಗೆ ಲಾಭ ಅಂತ ಎಲ್ರಿಗೂ ಮೊದಲೇ ಗೊತ್ತಿರೋದು ಕಷ್ಟ. ಅದಕ್ಕೇ ತಿದ್ದೋ ನಿಯಮ ಗಣತಿಗೆ ಮುಂಚೆನೇ ಬರೆದಿಟ್ಟಿರ್ಬೇಕು, ಸಂಖ್ಯೆ ಕೈಗೆ ಬಂದ ಮೇಲೆ ಕೂತು ಮಾತಾಡಿದ್ರೆ ಅದು ಚೌಕಾಸಿ.

ತಿದ್ದೋ ಲೆಕ್ಕ ಇದೆ ಅಂದ್ಮೇಲೆ ಎಷ್ಟು ತಪ್ಪಿದ್ರೂ ನಡೆಯುತ್ತಲ್ಲ?

ನಡೆಯಲ್ಲ. ದಕ್ಷಿಣ ಆಫ್ರಿಕಾದಲ್ಲಿ 2011ರಲ್ಲಿ 14.6% ಬಿಟ್ಟುಹೋಗಿದ್ರು, 2022ರಲ್ಲಿ ಅದು 31%. ಅಂದ್ರೆ ಪ್ರಕಟಿಸಿದ 6.2 ಕೋಟಿ ಜನರಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ ಯಾರೂ ಎಣಿಸದ ಜನ, ಲೆಕ್ಕದಿಂದ ಬಂದವರು. ಒಟ್ಟು ಸಂಖ್ಯೆ ಸುಮಾರಾಗಿ ಸರಿ ಇದ್ರೂ ಇರ್ಬಹುದು, ಆದ್ರೆ ಒಂದು ಸಣ್ಣ ಊರಲ್ಲಿ ಐದು ವರ್ಷದೊಳಗಿನ ಮಕ್ಕಳೆಷ್ಟು ಅಂತ ಕೇಳಿದ್ರೆ ಆ ಉತ್ತರದ ಮೇಲೆ ಎಷ್ಟು ಭಾರ ಹಾಕ್ತೀರಿ? ಅಲ್ಲಿನ ಜನಸಂಖ್ಯಾ ತಜ್ಞರೇ ಹುಷಾರಾಗಿ ಬಳಸಿ ಅಂತ ಹೇಳಿದಾರೆ. ತೇಪೆ ಹಾಕ್ಬಹುದು, ಆದ್ರೆ ಬಟ್ಟೆಗಿಂತ ತೇಪೆನೇ ದೊಡ್ಡದಾಗಬಾರದು.

ಗುರುತಿನ ಚೀಟಿ, ರಿಜಿಸ್ಟರ್ ಎಲ್ಲಾ ಇರುವಾಗ ಗಣತಿ ಯಾಕೆ?

ರಿಜಿಸ್ಟರಿಗೆ (ಊರಲ್ಲಿ ಯಾರ್ಯಾರಿದಾರೆ ಅನ್ನೋ ಸರ್ಕಾರಿ ಪಟ್ಟಿಗೆ) ಸೇರೋಕೆ ಜನ ಓಡ್ತಾರೆ, ಬಿಡೋಕೆ ಯಾರೂ ಬರಲ್ಲ. ದೇಶ ಬಿಟ್ಟು ಹೋದವರು, ಊರು ಬದಲಿಸಿದವರು ಹಳೇ ಕಡೆ ಹಾಗೇ ಉಳ್ಕೋತಾರೆ. ಜರ್ಮನಿಯಲ್ಲಿ 2011ರಲ್ಲಿ ಗಣತಿ ಮಾಡಿ ನೋಡಿದ್ರೆ ಅಂದ್ಕೊಂಡಿದ್ದಕ್ಕಿಂತ 15 ಲಕ್ಷ ಜನ ಕಡಿಮೆ ಇದ್ರು, 2022ರಲ್ಲೂ ಮತ್ತೆ ಸುಮಾರು 14 ಲಕ್ಷ ಕಡಿಮೆ. ಜರ್ಮನಿಯಂಥ ಜರ್ಮನಿಯಲ್ಲೇ!

ಆದ್ರೆ ತುಂಬಿಸೋಕೆ ರಿಜಿಸ್ಟರ್ ಸಹಾಯ ಆಗುತ್ತೆ. ನ್ಯೂಜಿಲೆಂಡಲ್ಲಿ 2018ರಲ್ಲಿ ಆನ್‌ಲೈನ್ ಮೊದಲು ಅಂತ ಮಾಡಿ ಶೇಕಡ 83.3 ಜನ ಮಾತ್ರ ಉತ್ತರ ಕೊಟ್ಟಾಗ, ಉಳಿದವರಲ್ಲಿ ಸುಮಾರು ಜನರನ್ನ ಬೇರೆ ಸರ್ಕಾರಿ ದಾಖಲೆಯಿಂದ ತಂದು ತುಂಬಿದ್ರು. ಅಲ್ಲಿನ ಮುಖ್ಯ ಅಂಕಿಅಂಶ ಅಧಿಕಾರಿ 2019ರಲ್ಲಿ ರಾಜೀನಾಮೆ ಕೊಟ್ರು. ತಲೆ ಎಷ್ಟು ಅಂತ ದಾಖಲೆ ಹೇಳುತ್ತೆ, ಮನೇಲಿ ಯಾವ ಭಾಷೆ ಮಾತಾಡ್ತಾರೆ ಅಂತ ಹೇಳಲ್ಲ.

ಆನ್‌ಲೈನಲ್ಲಿ ನಾವೇ ತುಂಬಿದ್ರೆ ಸಮಸ್ಯೆ ಕಡಿಮೆ ಆಗುತ್ತಾ?

ಬಾಗಿಲು ಹಾಕಿರೋ ಅಪಾರ್ಟ್‌ಮೆಂಟಿನವರ ಸಮಸ್ಯೆ ಕಡಿಮೆ ಆಗುತ್ತೆ. ಸೂರಿಲ್ಲದವರದು ಆಗಲ್ಲ.

ಕಡಿಮೆ ಎಣಿಕೆ ಬಗ್ಗೆನೇ ಮಾತು, ಜಾಸ್ತಿ ಎಣಿಕೆ ಆಗಲ್ವಾ?

ಆಗುತ್ತೆ, ಸೀಟು ಮತ್ತು ದುಡ್ಡು ತಲೆ ಲೆಕ್ಕದಲ್ಲಿ ಬರುತ್ತೆ ಅಂತ ಗೊತ್ತಿದ್ದ ಕಡೆ ಜೋರಾಗಿ ಆಗುತ್ತೆ. ನಾಗಾಲ್ಯಾಂಡ್ 2001ರಲ್ಲಿ ಹತ್ತು ವರ್ಷಕ್ಕೆ 64.5% ಬೆಳೆದಿದೆ ಅಂತ ತೋರಿಸ್ತು, 2011ರಲ್ಲಿ ಸಂಖ್ಯೆ ಇಳಿದೇ ಹೋಯ್ತು. ಕೀನ್ಯಾದಲ್ಲಿ 2009ರ ಗಣತಿಯಲ್ಲಿ ಎಂಟು ಜಿಲ್ಲೆಗಳ ಅಂಕಿ ನಂಬೋ ಹಾಗಿಲ್ಲ ಅಂತ ಸರ್ಕಾರನೇ ರದ್ದು ಮಾಡ್ತು. ಬಿಟ್ಟುಹೋದವರನ್ನ ಸೇರಿಸಿ ಅಂತ ಒತ್ತಡ ಹಾಕುವಾಗ ಇದನ್ನೂ ನೆನಪಲ್ಲಿಡಿ, ಇಲ್ಲಾಂದ್ರೆ ಮೇಲಿಂದ ಟಾರ್ಗೆಟ್ ಬರುತ್ತೆ, ಕೆಳಗೆ ಇಲ್ಲದ ಹೆಸರು ಹುಟ್ಟುತ್ತೆ.

ನಾಲ್ಕು ಜನ ಕಡಿಮೆ ಆದ್ರೆ ಏನು ಆಕಾಶ ಬೀಳುತ್ತೆ?

ಅಮೆರಿಕಾದ 2020ರ ಗಣತಿಯಲ್ಲಿ ಇನ್ನು 89 ಜನ ಇದ್ದಿದ್ರೆ ನ್ಯೂಯಾರ್ಕ್ ರಾಜ್ಯಕ್ಕೆ ಒಂದು ಸಂಸತ್ ಸೀಟು ಉಳೀತಿತ್ತು, ಅದು ಮಿನೆಸೋಟಾ ಪಾಲಾಯ್ತು. ಆಮೇಲೆ ಸರ್ವೆ ಬಂದಾಗ ಇವೆರಡೂ ರಾಜ್ಯದಲ್ಲಿ ಜನ ಜಾಸ್ತಿ ಎಣಿಕೆ ಆಗಿದ್ರು, ನಿಜವಾಗಿ ಕಡಿಮೆ ಎಣಿಕೆ ಆಗಿದ್ದು ಟೆಕ್ಸಸ್, ಫ್ಲೋರಿಡಾ ಮತ್ತೆ ಇನ್ನು ನಾಲ್ಕು ರಾಜ್ಯ.

ಸೀಟಿಗಿಂತ ದಿನಾ ಕಾಡೋದು ಭಾಗಿಸೋ ಸಂಖ್ಯೆ. ಒಂದು ಬ್ಲಾಕಲ್ಲಿ 100 ಮಕ್ಕಳಿದಾರೆ, ಗಣತಿ 80 ಅಂತ ಬರೀತು. ಲಸಿಕೆ 76 ಮಕ್ಕಳಿಗೆ ಹಾಕಿದ್ರು. ಕಡತದಲ್ಲಿ ಅದು ಶೇಕಡ 95, ಎಲ್ರೂ ಖುಷಿ. ನಿಜಕ್ಕೂ 24 ಮಕ್ಕಳಿಗೆ ಸೂಜಿ ಬಿದ್ದಿಲ್ಲ, ಆದ್ರೆ ಕಾಗದದ ಪ್ರಕಾರ ಉಳಿದಿರೋದು ನಾಲ್ಕೇ ಜನ, ಮುಂದಿನ ಸಲ ಆ ಬ್ಲಾಕಿಗೆ ಲಸಿಕೆನೂ ಅಷ್ಟೇ ಕಳಿಸ್ತಾರೆ. ಮೇಲಾಗಿ ಮುಂದಿನ ಹತ್ತು ವರ್ಷ ಉದ್ಯೋಗ, ಆರೋಗ್ಯ, ಖರ್ಚು ಅಂತ ನಡೆಯೋ ಸ್ಯಾಂಪಲ್ ಸರ್ವೆಗಳಿಗೆ ಗಣತಿ ಪಟ್ಟಿನೇ ಆಧಾರ ಆಗಿರೋದ್ರಿಂದ, ಒಂದ್ಸಲ ಪಟ್ಟಿಗೆ ಬರದ ಬಡಾವಣೆ ಆ ಯಾವ ಸರ್ವೆಗೂ ಸಿಗಲ್ಲ. ಗಣತಿ ತಡವಾದ್ರೂ ಇದೇ ಕಥೆ, ಹಳೇ ಗಣತಿ ಪ್ರಕಾರ ಇವತ್ತು ರೇಷನ್ ಹಂಚೋದು ಅಂದ್ರೆ ಆಮೇಲೆ ಹುಟ್ಟಿದವರನ್ನೆಲ್ಲಾ ಬಿಟ್ಟ ಹಾಗೇ.

ಎಣಿಸುವಾಗಲೇ ತಪ್ಪದ ಹಾಗೆ ಏನು ಮಾಡ್ಬಹುದು?

ದುಡ್ಡು, ಸಮಯ ಎರಡೂ ಮನೆಪಟ್ಟಿ ಮೇಲೆ ಹಾಕಬೇಕು, ಅದು ಸರಿ ಇಲ್ಲಾಂದ್ರೆ ಮುಂದಿನದು ಯಾವುದೂ ಸರಿ ಬರಲ್ಲ. ಬ್ಲಾಕಿನ ಗಡಿ ನಡೆದು ನೋಡಿ ಗುರುತಿಸ್ಬೇಕು, ಯಾಕಂದ್ರೆ ಎರಡು ಬ್ಲಾಕ್ ಮಧ್ಯದ ರಸ್ತೆ ಮನೆಗಳನ್ನ ಇಬ್ಬರು ಗಣತಿದಾರರೂ "ಅದು ಅವರದು" ಅಂತ ಬಿಟ್ಟಿರ್ತಾರೆ. ಬೀಗ ಹಾಕಿದ ಮನೆಗೆ ಸಂಜೆ ಒಂದ್ಸಲ, ರಜಾ ದಿನ ಒಂದ್ಸಲ ಹೋಗ್ಬೇಕು. ಸೂರಿಲ್ಲದವರನ್ನ ಒಂದೇ ರಾತ್ರಿ ಎಲ್ಲಾ ಕಡೆ ಒಟ್ಟಿಗೆ ಎಣಿಸ್ಬೇಕು, ಭಾರತದಲ್ಲಿ 2011ರಲ್ಲಿ ಫೆಬ್ರವರಿ 28ರ ರಾತ್ರಿ ಹಾಗೆ ಮಾಡಿದ್ರು, ಆಮೇಲೆ ಮಾರ್ಚ್ 1ರಿಂದ 5ರ ತನಕ ಇನ್ನೊಂದು ಸುತ್ತು ಹೋಗಿ ಹುಟ್ಟು ಸಾವು ಸರಿಪಡಿಸಿದ್ರು. ಆ ಜಾಗದವರನ್ನೇ ಗಣತಿದಾರರಾಗಿ ತಗೊಂಡ್ರೆ ಬಾಗಿಲು ಬೇಗ ತೆರೆಯುತ್ತೆ. ಮತ್ತೆ ಅವರಿಗೆ ಭತ್ಯೆ ಟೈಮಿಗೆ ಕೊಡಿ, ಸಿಟ್ಟಲ್ಲಿರೋ ಮನುಷ್ಯ ಮೂರನೇ ಮಹಡಿ ಹತ್ತಲ್ಲ.

ಪ್ರಶ್ನೆ ಕೇಳೋ ರೀತಿನೂ ಬದಲಿಸ್ಬೇಕು. ಎಷ್ಟು ಜನ ಅಂತ ಕೇಳಿದ್ರೆ ಒಂದು ಸಂಖ್ಯೆ ಬರುತ್ತೆ. ನಿನ್ನೆ ರಾತ್ರಿ ಇಲ್ಲಿ ಯಾರ್ಯಾರು ಮಲಗಿದ್ರು, ಪುಟ್ಟ ಮಕ್ಕಳು ಇದಾರಾ, ಕೆಲಸಕ್ಕೆ ಅಂತ ಉಳ್ಕೊಂಡಿರೋರು ಯಾರಾದ್ರೂ ಇದಾರಾ, ಬೇರೆ ಊರಲ್ಲಿರೋ ಮನೆಯವರು ಯಾರು ಅಂತ ಒಂದೊಂದೇ ಕೇಳಿದ್ರೆ ಇನ್ನೂ ಇಬ್ಬರು ಸಿಗ್ತಾರೆ.

ನಮ್ಮ ಮನೆಗೆ ಯಾರೂ ಬರಲೇ ಇಲ್ಲ, ಏನ್ ಮಾಡ್ಲಿ?

ಗಣತಿ ಇನ್ನೂ ನಡೀತಿದ್ರೆ ಸಹಾಯವಾಣಿಗೆ ಫೋನ್ ಮಾಡಿ, ಸ್ಥಳೀಯ ಆಡಳಿತ ಕಚೇರಿಗೆ ಹೋಗಿ ನಿಮ್ಮ ಬ್ಲಾಕಿನ ಸೂಪರ್‌ವೈಸರ್ ಯಾರು ಅಂತ ಕೇಳಿ. ಪಕ್ಕದ ಮನೆಯವರಿಗೆ ಬಂದಿದ್ರಾ ಅಂತಲೂ ವಿಚಾರಿಸಿ, ಅವರಿಗೂ ಬಂದಿಲ್ಲಾಂದ್ರೆ ಬೀದಿನೇ ಪಟ್ಟಿಯಿಂದ ಬಿಟ್ಟುಹೋಗಿರ್ಬಹುದು, ಆಗ ಒಬ್ಬರು ದೂರು ಕೊಡೋ ಬದಲು ಹತ್ತು ಮನೆಯವರು ಒಟ್ಟಿಗೆ ಹೋಗಿ. ಗಣತಿ ಮುಗಿದು ಹೋಗಿದ್ರೆ ಒಬ್ಬೊಬ್ಬರ ಹೆಸರು ಆಮೇಲೆ ಸೇರಿಸೋ ದಾರಿ ಸಾಮಾನ್ಯವಾಗಿ ಇರಲ್ಲ. ಸ್ವಲ್ಪ ತಿಂಗಳಾದ ಮೇಲೆ ಸರ್ವೆಯವರು ಬಂದು ಬಾಗಿಲು ತಟ್ಟಿದ್ರೆ "ಆಗ್ಲೇ ಒಂದ್ಸಲ ಆಯ್ತಲ್ಲ" ಅಂತ ವಾಪಸ್ ಕಳಿಸ್ಬೇಡಿ, ಅವರು ಹುಡುಕ್ಕೊಂಡು ಬಂದಿರೋದು ನಿಮ್ಮಂಥವರನ್ನೇ.